ಹವ್ಯಾಸಿಯ ಡಿಜಿಟಲ್ ಕ್ಯಾಮರಾಕ್ಕೆ ಲೆನ್ಸ್ ಮತ್ತು ಪರಿಕರಗಳ ಆಯ್ಕೆ: ಮೈಸೂರು

ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮರಾದೊಂದಿಗೆ ಬಳಸುವ ಹೆಚ್ಚುವರಿ ಲೆನ್ಸ್, ಟ್ರೈಪಾಡ್, ಮೆಮೊರಿ ಕಾರ್ಡ್, ಬ್ಯಾಟರಿ, ಫಿಲ್ಟರ್ ಹಾಗೂ ತೇವದಿಂದ ಕಾಪಾಡುವ ಪೆಟ್ಟಿಗೆಗಳು ಛಾಯಾಗ್ರಹಣದ ಮುಖ್ಯ ಪರಿಕರಗಳು. ಇವುಗಳಲ್ಲಿ ಯಾವುದು ಬೇಕು ಎಂಬುದನ್ನು ನಿರ್ಧರಿಸುವವು ಮೂರು: ಚಿತ್ರದ ವಸ್ತು, ಅದು ಇರುವ ದೂರ, ಅಲ್ಲಿನ ಬೆಳಕು. ಮೈಸೂರಿನ ಹವ್ಯಾಸಿಗೆ ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ, ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಹಕ್ಕಿಗಳು, ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಹತ್ತಿರದಲ್ಲೇ ರಂಗನತಿಟ್ಟು ಮತ್ತು ಸೋಮನಾಥಪುರ, ಇನ್ನಷ್ಟು ದೂರ ಹೋದರೆ ಬಂಡೀಪುರ, ನಾಗರಹೊಳೆ ಸಿಗುತ್ತವೆ. ಇಷ್ಟಕ್ಕೂ ಒಂದೇ ಲೆನ್ಸ್ ಸಾಲದು. ಆದರೆ ಅಂಗಡಿಯಲ್ಲಿ ಕಾಣುವಷ್ಟೆಲ್ಲ ಲೆನ್ಸುಗಳೂ ಬೇಕಾಗುವುದಿಲ್ಲ.

ಲೆನ್ಸಿನ ಮೇಲೆ ಮಿಲಿಮೀಟರಿನಲ್ಲಿ ಬರೆದಿರುವುದು ಅದರ ನಾಭಿದೂರ. ಈ ಅಂಕಿ ಚಿಕ್ಕದಾದಷ್ಟೂ ಚೌಕಟ್ಟಿನಲ್ಲಿ ಹೆಚ್ಚು ಅಗಲದ ನೋಟ ಹಿಡಿಯುತ್ತದೆ, ದೊಡ್ಡದಾದಷ್ಟೂ ದೂರದ ವಸ್ತು ಹತ್ತಿರ ಬರುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎಪಿಎಸ್-ಸಿ ಕ್ಯಾಮರಾಗಳ ಸಂವೇದಕ ಸುಮಾರು 23.5 ಮಿ.ಮೀ. ಅಗಲವಾಗಿದ್ದು, ಫುಲ್ ಫ್ರೇಮ್ ಸಂವೇದಕದ 36 ಮಿ.ಮೀ.ಗಿಂತ ಕಿರಿದು. ಹಾಗಾಗಿ ಅದರ ಮೇಲೆ 50 ಮಿ.ಮೀ. ಲೆನ್ಸ್ ಕೊಡುವ ನೋಟ ಫುಲ್ ಫ್ರೇಮಿನ 75 ಮಿ.ಮೀ. ಲೆನ್ಸಿನಷ್ಟೇ ಇರುತ್ತದೆ. ಸಂವೇದಕ ಇನ್ನೂ ಸ್ವಲ್ಪ ಚಿಕ್ಕದಾದ ಕ್ಯಾನನ್ ಎಪಿಎಸ್-ಸಿ ಕ್ಯಾಮರಾಗಳಲ್ಲಿ ಇದು 80 ಮಿ.ಮೀ. ಆಗುತ್ತದೆ. ಹಕ್ಕಿ ತೆಗೆಯುವವರಿಗೆ ಇದು ಅನುಕೂಲ, ಕಟ್ಟಡ ತೆಗೆಯುವವರಿಗೆ ಅಷ್ಟಿಲ್ಲ.

ಕ್ಯಾಮರಾದ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸನ್ನು ಹಗುರವಾಗಿ ಕಾಣುವುದು ಸಾಮಾನ್ಯ, ಆದರೆ ಅದು ನ್ಯಾಯವಲ್ಲ. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಮುಂಭಾಗದ ಉದ್ದ 245 ಅಡಿ, ಅಂದರೆ ಸುಮಾರು 75 ಮೀಟರ್. 18 ಮಿ.ಮೀ.ಗೆ ಇಟ್ಟ ಕಿಟ್ ಲೆನ್ಸಿನಲ್ಲಿ ಸುಮಾರು 60 ಮೀಟರ್ ದೂರದಿಂದ ಈ ಉದ್ದವೆಲ್ಲ ಚೌಕಟ್ಟಿಗೆ ಬರುತ್ತದೆ. 145 ಅಡಿ ಎತ್ತರದ ನಡುಗೋಪುರದ ತುದಿಯೂ ಸಿಗಬೇಕು, ಕ್ಯಾಮರಾ ಮೇಲಕ್ಕೆ ವಾಲಿ ಗೋಡೆಗಳು ಒಳಕ್ಕೆ ಬಾಗಿದಂತೆಯೂ ಕಾಣಬಾರದು ಎಂದರೆ ಸುಮಾರು 100 ಮೀಟರ್ ಹಿಂದೆ ಸರಿಯಬೇಕಾಗುತ್ತದೆ. ಎದುರಿನ ಬಯಲಿನಲ್ಲಿ ಅಷ್ಟು ಜಾಗವಿದೆ. ಅರಮನೆಗೆಂದು ದುಬಾರಿ ವೈಡ್ ಆಂಗಲ್ ಲೆನ್ಸ್ ಕೊಳ್ಳುವ ಅಗತ್ಯವಿಲ್ಲ.

ವೈಡ್ ಆಂಗಲ್ ನಿಜವಾಗಿ ಉಪಯೋಗಕ್ಕೆ ಬರುವುದು ಹಿಂದೆ ಸರಿಯಲು ಜಾಗವಿಲ್ಲದ ಕಡೆ. ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆಯಾದ ಸೋಮನಾಥಪುರದ ಕೇಶವ ದೇವಾಲಯದ ಒಳಗೆ, ಕಂಬಗಳ ನಡುವಿನ ಕಿರಿದಾದ ಅಂಕಣಗಳಲ್ಲಿ 10-20 ಮಿ.ಮೀ. ಲೆನ್ಸ್ ಬೇರೆ ಯಾವುದೂ ಕೊಡದ ನೋಟ ಕೊಡುತ್ತದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಒಳಗಿನ ಮಬ್ಬು ಬೆಳಕಿನಲ್ಲಿ ಭುವನೇಶ್ವರಿಯ, ಅಂದರೆ ಚಾವಣಿಯ, ಕೆತ್ತನೆ ತೆಗೆಯಲು ಕ್ಯಾಮರಾವನ್ನು ಬಟ್ಟೆಯ ಮೇಲೆ ಅಂಗಾತ ನೆಲಕ್ಕಿಟ್ಟು, ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿದರೆ ಒಂದು ಸೆಕೆಂಡಿನ ಚಿತ್ರವೂ ಅಲುಗದೆ ಬರುತ್ತದೆ.

ಕಿಟ್ ಲೆನ್ಸಿನ ನಂತರ ಕೊಳ್ಳಬೇಕಾದ ಎರಡನೆಯ ಲೆನ್ಸ್ 50 ಮಿ.ಮೀ., ಎಫ್ 1.8. ಅಗ್ಗದ ಲೆನ್ಸುಗಳಲ್ಲಿ ಇದಕ್ಕಿಂತ ಹೆಚ್ಚು ಕಲಿಸುವುದು ಇನ್ನೊಂದಿಲ್ಲ. 50 ಮಿ.ಮೀ. ಆಸುಪಾಸಿನಲ್ಲಿ ಕಿಟ್ ಲೆನ್ಸಿನ ಕಿಂಡಿ ಎಫ್ 5.6ಕ್ಕಿಂತ ಹಿಗ್ಗುವುದಿಲ್ಲ, ಎಫ್ 1.8 ಅದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಬಿಡುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ತಾಡಪಾಲಿನ ನೆರಳಲ್ಲಿ ಕುಳಿತು ಮಲ್ಲಿಗೆ ಕಟ್ಟುವವರ ಮುಖವನ್ನು ಫ್ಲ್ಯಾಶ್ ಇಲ್ಲದೆ ತೆಗೆಯಲು ಸಾಧ್ಯವಾಗುವುದು ಈ ವ್ಯತ್ಯಾಸದಿಂದಲೇ. ಫ್ಲ್ಯಾಶಿನ ನೇರ ಬೆಳಕು ಅಲ್ಲಿನ ಕುಂಕುಮ, ಅರಿಸಿನದ ರಾಶಿಗಳ ಬಣ್ಣವನ್ನು ಸಪ್ಪೆ ಮಾಡುತ್ತದೆ.

ಮೂರನೆಯದು ಟೆಲಿ ಲೆನ್ಸ್. ಜಂಬೂಸವಾರಿಯ ಅಂಬಾರಿ ಆನೆಯನ್ನು ಜನರ ತಲೆಗಳ ಮೇಲಿಂದ ತೆಗೆಯಲು, 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ದೋಣಿಯಿಂದ ಬಣ್ಣದ ಕೊಕ್ಕರೆಯ ಗೂಡು ಹಿಡಿಯಲು 55-250 ಅಥವಾ 70-300 ಮಿ.ಮೀ. ಸಾಕು. ನಡುಗಡ್ಡೆಗಳ ಹತ್ತಿರದಲ್ಲೇ ದೋಣಿ ಸಾಗುವುದರಿಂದ 600 ಮಿ.ಮೀ. ಲೆನ್ಸಿನಲ್ಲಿ ಕೆಲವೊಮ್ಮೆ ಹಕ್ಕಿಯ ರೆಕ್ಕೆಯೇ ಚೌಕಟ್ಟಿನಿಂದ ಆಚೆ ಹೋಗುತ್ತದೆ. ದೋಣಿಯಲ್ಲಿ ಟ್ರೈಪಾಡ್ ನಿಷ್ಪ್ರಯೋಜಕ, ಏಕೆಂದರೆ ನೆಲವೇ ಅಲುಗುತ್ತಿರುತ್ತದೆ. ಹಾರುವ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕಡಿಮೆ ಇರಬಾರದು. ಲೆನ್ಸಿನ ಕಂಪನ ನಿವಾರಕವು ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನಲ್ಲ. ಕೊಳ್ಳುವವರು ಹೆಚ್ಚು ಎಡವುವುದು ಇಲ್ಲಿಯೇ.

ಬಂಡೀಪುರ, ನಾಗರಹೊಳೆಯ ಸಫಾರಿಗೆ 150-600 ಅಥವಾ 200-600 ಮಿ.ಮೀ. ಜೂಮ್ ಉಪಯುಕ್ತ. ಆದರೆ ಎರಡು ಕಿಲೋ ಆಸುಪಾಸಿನ ತೂಕವನ್ನು ಕೈಯಲ್ಲೇ ಹಿಡಿದು ಕೂರುವುದು ಕಷ್ಟ. ವಾಹನದ ಅಂಚಿನ ಮೇಲೆ ಇಡುವ, ಅಕ್ಕಿ ಅಥವಾ ಕಾಳು ತುಂಬಿದ ಬಟ್ಟೆಯ ಚೀಲವೇ ಇಲ್ಲಿ ಅತ್ಯುತ್ತಮ ಆಸರೆ, ಅದನ್ನು ಮನೆಯಲ್ಲೇ ಹೊಲಿಯಬಹುದು. ಇಷ್ಟು ದುಬಾರಿ ಲೆನ್ಸನ್ನು ವರ್ಷಕ್ಕೆ ಒಂದೆರಡು ಬಾರಿ ಕಾಡಿಗೆ ಹೋಗುವವರು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲೇಸು. ನೀಲಗಿರಿ ತಪ್ಪಲಿನ ಕಾಡುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದ ಮೈಸೂರಿನ ಕೃಪಾಕರ-ಸೇನಾನಿ ಜೋಡಿಯ ಕೆಲಸದ ಬೆನ್ನೆಲುಬು ಪ್ರಾಣಿಯ ನಡವಳಿಕೆಯ ಅರಿವು. ಉದ್ದನೆಯ ಲೆನ್ಸ್ ಆ ಅರಿವಿನ ಜಾಗ ತುಂಬಲಾರದು.

ಮೂರನೆಯ ಲೆನ್ಸಿಗೂ ಮೊದಲು ಹಣ ಹಾಕಬೇಕಾದದ್ದು ಗಟ್ಟಿ ಟ್ರೈಪಾಡಿಗೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೆ ಹೊತ್ತುವ ಅರಮನೆಯ ಚಿತ್ರಕ್ಕೆ ಐಎಸ್‌ಒ 100, ಎಫ್ 8 ಇಟ್ಟರೆ ಒಂದೆರಡು ಸೆಕೆಂಡು ಬೇಕಾಗುತ್ತದೆ. ಯಾವ ಕೈಯೂ ಅಷ್ಟು ಹೊತ್ತು ನಿಶ್ಚಲವಾಗಿರಲಾರದು. ಕ್ಯಾಮರಾ ಮತ್ತು ಅತಿ ಭಾರದ ಲೆನ್ಸಿನ ತೂಕದ ಎರಡು ಪಟ್ಟಾದರೂ ಹೊರಬಲ್ಲ ಟ್ರೈಪಾಡ್ ಆರಿಸಬೇಕು. ನಡುಗಂಬವನ್ನು ಪೂರ್ತಿ ಎತ್ತಿದರೆ ಮಾತ್ರ ಕಣ್ಣಿನ ಎತ್ತರಕ್ಕೆ ಬರುವ ಟ್ರೈಪಾಡ್ ಚಾಮುಂಡಿ ಬೆಟ್ಟದ ಗಾಳಿಗೆ ನಡುಗುತ್ತದೆ. ಜನಸಂದಣಿಯಲ್ಲಿ ಮತ್ತು ಟ್ರೈಪಾಡಿಗೆ ಅವಕಾಶವಿಲ್ಲದ ಆವರಣಗಳಲ್ಲಿ ಕಲ್ಲುಕಟ್ಟೆ, ಗೋಡೆಯ ಅಂಚುಗಳೇ ಆಸರೆ.

ಮೆಮೊರಿ ಕಾರ್ಡಿನಲ್ಲಿ ವಿ30 ಗುರುತು ಇದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ವೇಗದ ಖಾತರಿ ಇರುತ್ತದೆ. ಹವ್ಯಾಸಿಗೆ ಅಷ್ಟು ಸಾಕು. ಒಂದು ದೊಡ್ಡ ಕಾರ್ಡಿಗಿಂತ ಎರಡು ಸಾಧಾರಣ ಕಾರ್ಡುಗಳು ಸುರಕ್ಷಿತ. ಮಿರರ್‌ಲೆಸ್ ಕ್ಯಾಮರಾ ಬ್ಯಾಟರಿಯನ್ನು ಬೇಗ ಖಾಲಿ ಮಾಡುವುದರಿಂದ ದಸರಾದಂತಹ ದಿನ ಎರಡನೆಯ ಬ್ಯಾಟರಿ ಅನಿವಾರ್ಯ. ಫಿಲ್ಟರುಗಳಲ್ಲಿ ಪೋಲರೈಸರ್ ಒಂದು ಬೇಕು: ನೀರಿನ ಮೇಲಿನ ಹೊಳಪನ್ನು, ಎಲೆಗಳ ಮೇಲಿನ ಮಿನುಗನ್ನು ಅದು ತೆಗೆಯುವಂತೆ ಕಂಪ್ಯೂಟರಿನಲ್ಲಿ ತೆಗೆಯಲಾಗದು. ಅಗ್ಗದ ಯುವಿ ಫಿಲ್ಟರ್ ರಾತ್ರಿಯ ದೀಪಗಳಿಗೆ ಭೂತಬಿಂಬ ಮೂಡಿಸುತ್ತದೆ. ಲೆನ್ಸ್ ಕಾಪಾಡಲು ಲೆನ್ಸ್ ಹುಡ್ ಅದಕ್ಕಿಂತ ಮೇಲು.

ಮಳೆಗಾಲದಲ್ಲಿ ಲೆನ್ಸಿನ ದೊಡ್ಡ ಶತ್ರು ಬೂಷ್ಟು. ಗಾಳಿಯ ತೇವ ಬಹುಕಾಲ ಹೆಚ್ಚಾಗಿ ಉಳಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಬೆಳೆದು, ಕೊನೆಗೆ ಲೇಪನವನ್ನೇ ತಿನ್ನುತ್ತವೆ. ಕೊಡಗಿನ ಮಳೆಯಲ್ಲಿ ತಿರುಗಿ ಬಂದ ಕ್ಯಾಮರಾವನ್ನು ಚೀಲದಲ್ಲೇ ಬಿಡಬಾರದು. ವಿದ್ಯುತ್ ಚಾಲಿತ ಒಣಪೆಟ್ಟಿಗೆ ಕೊಳ್ಳಲಾಗದಿದ್ದರೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ ಇದ್ದರಾಯಿತು. ತೇವ ಶೇ 40ರಿಂದ 50ರೊಳಗೆ ಇರಬೇಕು. ಇನ್ನೂ ಒಣಗಿದರೆ ರಬ್ಬರ್ ಭಾಗಗಳಿಗೆ ಹಾನಿ. ನೀಲಿ ಸಿಲಿಕಾ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಚರ್ಮದ ಕೇಸಿನಲ್ಲಿ ಲೆನ್ಸ್ ಇಡಲೇಬಾರದು, ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಧೂಳನ್ನು ಮೊದಲು ಬ್ಲೋವರಿನಿಂದ ಊದಿ, ಆಮೇಲಷ್ಟೇ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಬೇಕು.

ಬಳಸಿದ ಲೆನ್ಸ್ ಕೊಳ್ಳುವವರು ಅದರ ಒಂದು ತುದಿಯಿಂದ ಟಾರ್ಚ್ ಹಾಯಿಸಿ, ಇನ್ನೊಂದು ತುದಿಯಿಂದ ಓರೆಯಾಗಿ ನೋಡಿದರೆ ಬೂಷ್ಟಿನ ಎಳೆಗಳು ಕಾಣುತ್ತವೆ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಮೌಂಟ್ ಹೊಂದುವುದೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಕ್ಯಾನನ್‌ನ ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಅದರ ಆರ್‌ಎಫ್ ಮಿರರ್‌ಲೆಸ್ ಕ್ಯಾಮರಾಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸುಗಳ ಒಳಗೆ ಮೋಟಾರ್ ಇಲ್ಲದ ಕಾರಣ ಡಿ3000, ಡಿ5000 ಸರಣಿಯ ಕ್ಯಾಮರಾಗಳಲ್ಲಿ ಅವು ತಾವಾಗಿ ಫೋಕಸ್ ಆಗುವುದಿಲ್ಲ. ಉಂಗುರ ತಿರುಗಿಸಿ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.