ನಮ್ಮೂರ ಹೆಸರಿನೊಳಗಿನ ಎಚ್

ಒಂದು ಸಣ್ಣ ಪರೀಕ್ಷೆ. ನಮ್ಮ ಸೊಲ್ಲಾಪುರದ ಹೆಸರನ್ನು ಪಾಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಎಸ್ ಆದ ಮೇಲೆ ಎಚ್ ಇಟ್ಟಿರಾ? ಎಲ್ ಎಷ್ಟು ಹಾಕಿದಿರಿ, ಒಂದೊ ಎರಡೊ? ಒಂದೇ ಮನೆಯ ಅಜ್ಜ, ಮಗ, ಮೊಮ್ಮಗಳು ಕೂತು ಬರೆದರೂ ಮೂರು ಬಗೆ ಬಂದೀತು.

ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದಾಗ ಈ ಊರು ಸೊನ್ನಲಿಗೆ. ಮೋಹೋಳ ತಾಲೂಕಿನ ಕಾಮತಿಯ ಸಂಸ್ಕೃತ ಶಾಸನದಲ್ಲಿ ಇದು ಸೋನಲಿಪುರ. ಇಲ್ಲಿಯ ಕೋಟೆಯ ಒಂದು ಶಾಸನದಲ್ಲಿ ಸೋನಲಪುರ. ನಡುವಿನ ‘ನ’ಕಾರ ಸವೆದು ಸೋಲಾಪುರ ಆಗಿರಬೇಕೆಂದು ಬಲ್ಲವರ ಊಹೆ. ಗಮನಿಸಿರಿ, ಇವುಗಳಲ್ಲಿ ಎಲ್ಲಿಯೂ ‘ಶ’ಕಾರವಿಲ್ಲ.

ಅದು ಬಂದದ್ದು ಆಂಗ್ಲರ ದಫ್ತರದಿಂದ. ಅವರು ‘ಶೋಲಾಪುರ’ ಎಂದು ಬರೆದರು, ಊರೂ ಒಪ್ಪಿಕೊಂಡಿತು. 1877ರಲ್ಲಿ ಸುರುವಾದ ನಮ್ಮ ಹಳೆಯ ನೂಲಿನ ಗಿರಣಿಯ ಹೆಸರಿನಲ್ಲಿ ಆ ಎಚ್ ಇತ್ತು. 1930ರ ಮೇ ತಿಂಗಳಲ್ಲಿ ಇಲ್ಲಿ ಮಾರ್ಶಲ್ ಲಾ ಹೇರಿದಾಗ, 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಇವರನ್ನು ಯರವಡಾದಲ್ಲಿ ಗಲ್ಲಿಗೇರಿಸಿದಾಗ, ಇಂಗ್ಲಿಷ್ ಕಾಗದಗಳಲ್ಲಿ ಊರಿನ ಹೆಸರು ಹಾಗೆಯೇ ಇತ್ತು. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಅದೇ ಗಿರಣಿಗಾಗಿ ಸಂಸತ್ತು ಮಾಡಿದ ಕಾಯಿದೆಯ ಹೆಸರಿನಲ್ಲಿಯೂ ಎಚ್ ಉಳಿಯಿತು. 2004ರಲ್ಲಿ ಇಲ್ಲಿ ವಿಶ್ವವಿದ್ಯಾಲಯ ಆಗುವ ಹೊತ್ತಿಗೆ ಎಚ್ ಹೋಗಿತ್ತು.

ಈಗ ನಲವತ್ತು ಕಿಲೋಮೀಟರು ಆಚೆ ಅಕ್ಕಲಕೋಟೆಗೆ ಬನ್ನಿರಿ. 1908ರ ಇಂಪೀರಿಯಲ್ ಗೆಜೆಟಿಯರು ಈ ಸಂಸ್ಥಾನದ ಹೆಸರಿನ ಮೊದಲಿಗೆ ಒಂದೇ ‘ಕೆ’ ಬರೆಯಿತು. ‘ಅಕ್ಕ’ ಎಂದು ಕರೆದು ಬೆಳೆದ ನಮ್ಮ ಮಗುವಿಗೆ ಅಲ್ಲಿ ಒತ್ತಕ್ಷರ ಕೇಳಿಸುತ್ತದೆ. ಅದು ಎರಡು ‘ಕೆ’ ಹಾಕುತ್ತದೆ. ಇಂದಿನ ರೂಢಿಯಂತೆ ಅದೇ ಸರಿ. ಆದರೆ ಅದೇ ಕಿವಿ ‘ಸೊಲ್ಲಾಪುರ’ದಲ್ಲಿಯೂ ಒತ್ತು ಕೇಳಿ ಎರಡು ‘ಎಲ್’ ಹಾಕಿತೋ, ಉತ್ತರ ತಪ್ಪು! ಆ ಮಗುವನ್ನು ದಡ್ಡ ಎನ್ನಬೇಡಿರಿ. ಅದು ಬರೆದದ್ದು ಮನೆಯ ಮಾತು.

ಹಾಗಾದರೆ ಏನು ಕಲಿಸಬೇಕು? ಸೋಲಾಪುರಕ್ಕೆ ಏಳು ಅಕ್ಷರ: ಎಸ್, ಒ, ಎಲ್, ಎ, ಪಿ, ಯು, ಆರ್. ಅಕ್ಕಲಕೋಟೆಗೆ ಎಂಟು, ಅದರಲ್ಲಿ ‘ಕೆ’ ಮೂರು. ಇಷ್ಟು ಬಾಯಿಪಾಠ ಆಗಲಿ. ಜೊತೆಗೆ ಇನ್ನೊಂದು ಮಾತು: ಅಜ್ಜನ ಗಿರಣಿಯ ಕಾಗದದಲ್ಲಿ ಎಚ್ ಕಂಡರೆ ಅದನ್ನು ತಿದ್ದಲು ಹೋಗಬೇಡಿರಿ. ತಿದ್ದಿದ ಕಾಗದವನ್ನು ಯಾವ ಕಚೇರಿಯೂ ನಂಬುವುದಿಲ್ಲ. ಮೇಲಾಗಿ ಅದು ತಪ್ಪಲ್ಲ, ಆ ಕಾಲದ ಗುರುತು. ಹೊಸ ಅರ್ಜಿಗೆ ಹೊಸ ಹೆಸರು, ಹಳೆಯ ಕಾಗದಕ್ಕೆ ಹಳೆಯ ಹೆಸರು. ಎರಡೂ ಒಂದೇ ಊರು ಎಂದು ಮಕ್ಕಳಿಗೆ ಗೊತ್ತಿದ್ದರೆ ಸಾಕು.