ಸಿಡುಬು ಅಂದ್ಕೊಂಡಿದ್ದು ಸಿಡುಬಾಗಿರಲಿಲ್ಲ: ಹೆಪಟೈಟಿಸ್ ಬಿ ನಡೆದು ಬಂದ ದಾರಿ

1/5
ಇಟಲಿಯ ನೇಪಲ್ಸ್‌ನಲ್ಲಿ ಸ್ಯಾನ್ ಡೊಮೆನಿಕೊ ಮಜ್ಜೋರೆ ಅನ್ನೋ ಹಳೇ ಚರ್ಚ್ ಇದೆ. 16ನೇ ಶತಮಾನದಲ್ಲಿ ತೀರಿಕೊಂಡ, ಸುಮಾರು ಎರಡು ವರ್ಷದ ಒಂದು ಮಗುವಿನ ದೇಹ ಅಲ್ಲಿ ಮಮ್ಮಿಯಾಗಿ ಉಳಿದಿತ್ತು. ಮುಖದ ಮೇಲೆ ಗುಳ್ಳೆಗಳ ಗುರುತು. 1980ರ ದಶಕದಲ್ಲಿ ಪರೀಕ್ಷಿಸಿದವರು ‘ಇದು ಸಿಡುಬು’ ಅಂದ್ರು.

2018ರಲ್ಲಿ ಅದೇ ದೇಹದ ಡಿಎನ್‌ಎ ಓದಿದಾಗ ಸಿಡುಬಿನ ಸುಳಿವೇ ಇರಲಿಲ್ಲ. ಸಿಕ್ಕಿದ್ದು ಹೆಪಟೈಟಿಸ್ ಬಿ ವೈರಸ್. ಲಿವರ್‌ಗೆ ತಗಲೋ ಈ ಸೋಂಕು ಚಿಕ್ಕ ಮಕ್ಕಳಲ್ಲಿ ಕೆಲವೊಮ್ಮೆ ಮುಖದ ಮೇಲೂ ಗುಳ್ಳೆ ಏಳಿಸುತ್ತೆ. ಆ ಮಗುವಿನಲ್ಲಿದ್ದದ್ದು ‘ಡಿ’ ಜೀನೋಟೈಪ್. ಇವತ್ತು ಭಾರತದಲ್ಲಿ ಅತಿ ಹೆಚ್ಚು ಕಾಣೋದೂ ಅದೇ!

2/5
ಜೀನೋಟೈಪ್ ಅಂದ್ರೆ ಏನು? ಕುಂದಾಪ್ರ ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ ಅಂದ್ಕೊಳ್ಳಿ. ಭಾಷೆ ಒಂದೇ, ಬೇರೆ ಬೇರೆ ಕಡೆ ಬೆಳೀತಾ ಬದಲಾಗಿದೆ. ಈ ವೈರಸ್ಸಿನ ಇಡೀ ಜೀನೋಮ್ ಸುಮಾರು 3,200 ಅಕ್ಷರ ಅಷ್ಟೇ. ನಕಲಾಗ್ತಾ ಆಗ್ತಾ ತಪ್ಪುಗಳು ಸೇರ್ಕೊಳ್ತವೆ. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಶೇ. 8ರಷ್ಟು ದಾಟಿದ್ರೆ ಬೇರೆ ಜೀನೋಟೈಪ್ ಅಂತಾರೆ. ‘ಎ’ಯಿಂದ ‘ಜೆ’ವರೆಗೆ ಹತ್ತಕ್ಕೆ ಹೆಸರಿಟ್ಟಿದ್ದಾರೆ.

ಇದ್ರಿಂದ ಜನರ ವಲಸೆ ಹೇಗೆ ಗೊತ್ತಾಗುತ್ತೆ? ಈ ವೈರಸ್ ಹರಡೋ ಮುಖ್ಯ ದಾರಿಗಳಲ್ಲಿ ಒಂದು ಹೆರಿಗೆ. ತಾಯಿಯಿಂದ ಮಗುವಿಗೆ ದಾಟುತ್ತೆ. ದೊಡ್ಡವರಿಗೆ ತಗುಲಿದ್ರೆ ಬಹುತೇಕರಲ್ಲಿ ತಾನೇ ಹೋಗುತ್ತೆ. ಹಸುಗೂಸಿಗೆ ತಗುಲಿದ್ರೆ ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಉಳಿದುಬಿಡುತ್ತೆ, ಹೆಚ್ಚಾಗಿ ಬದುಕಿಡೀ. ಹಾಗಾಗಿ ಮನೆಮಂದಿ ಊರು ಬಿಟ್ಟು ಹೋದ್ರೆ ವೈರಸ್ಸೂ ಜೊತೆಗೇ ಹೋಗುತ್ತೆ.

3/5
ರಕ್ತದಲ್ಲಿದ್ದ ವೈರಸ್ಸಿನ ಡಿಎನ್‌ಎ ಹಲ್ಲು, ಮೂಳೆಗಳಲ್ಲಿ ಸಾವಿರಾರು ವರ್ಷ ಉಳೀಬಹುದು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಯುರೋಪ್, ಏಷ್ಯಾ, ಅಮೆರಿಕಗಳ 137 ಪ್ರಾಚೀನ ಜನರಿಂದ ಈ ವೈರಸ್ಸನ್ನ ಓದಿತು. ಅತಿ ಹಳೆಯದಕ್ಕೆ ಸುಮಾರು 10,500 ವರ್ಷ. ಇವತ್ತಿನ ಎಲ್ಲ ಜೀನೋಟೈಪ್‌ಗಳ ಮೂಲಜ್ಜಿ 20,000ದಿಂದ 12,000 ವರ್ಷಗಳ ಹಿಂದೆ ಇದ್ದಿರಬೇಕು ಅಂತ ಲೆಕ್ಕ ಹಾಕಿದ್ರು.

ಯುರೋಪಿನಲ್ಲಿ ಬೇಟೆಗಾರರ ವೈರಸ್ ವಂಶವೇ ಬೇರೆ ಇತ್ತು. ಬೇಸಾಯಗಾರರು ವಲಸೆ ಬಂದಾಗ ಅವರ ವಂಶ ಬಂದು ಅದರ ಜಾಗ ಹಿಡೀತು, ಸುಮಾರು 4,000 ವರ್ಷ ಆಳಿತು. ಕ್ರಿ.ಪೂ. ಎರಡನೇ ಸಹಸ್ರಮಾನದ ಕೊನೆಯ ಹೊತ್ತಿಗೆ ಅದೂ ಕುಸೀತು. ಇವತ್ತು ಅದರ ಕುಡಿ ಅಂತ ಉಳಿದಿರೋದು ‘ಜಿ’ ಅನ್ನೋ ಅಪರೂಪದ ಜೀನೋಟೈಪ್ ಮಾತ್ರ.

4/5
ಈಗ ಪಶ್ಚಿಮ ಆಫ್ರಿಕಾಕ್ಕೆ ಬನ್ನಿ. ಅಲ್ಲಿ ಇವತ್ತು ‘ಇ’ ಜೀನೋಟೈಪ್ ಎಲ್ಲೆಲ್ಲೂ ಇದೆ. 16ರಿಂದ 19ನೇ ಶತಮಾನದವರೆಗೆ ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನ ಗುಲಾಮರಾಗಿ ಹಡಗು ಹತ್ತಿಸಿದ್ರು. ಅವರಲ್ಲಿ ಬಹಳ ಜನ ಪಶ್ಚಿಮ ಆಫ್ರಿಕಾದವರು. ಹಾಗಾದ್ರೆ ಅಮೆರಿಕ ಖಂಡಗಳಲ್ಲಿರೋ ಅವರ ವಂಶಸ್ಥರಲ್ಲೂ ‘ಇ’ ಸಿಗ್ಬೇಕಲ್ವಾ? ತೀರಾ ವಿರಳ. ಹೆಚ್ಚಾಗಿ ಸಿಗೋದು ‘ಎ’. ಅಂದ್ರೆ ‘ಇ’ ವ್ಯಾಪಕವಾಗಿ ಹರಡಿದ್ದು ಆ ಹಡಗುಗಳು ಹೋದಮೇಲೆ, ಇತ್ತೀಚಿನ ಶತಮಾನಗಳಲ್ಲಿ. 20ನೇ ಶತಮಾನದಲ್ಲಿ ಸಾಮೂಹಿಕ ಚಿಕಿತ್ಸೆ ಕೊಡುವಾಗ ಒಂದೇ ಸೂಜಿಯನ್ನ ಹಲವರಿಗೆ ಬಳಸಿದ್ದು ಇದಕ್ಕೆ ಒಂದು ಕಾರಣ ಇರಬಹುದು ಅಂತ ಕೆಲವು ಸಂಶೋಧಕರ ಅನುಮಾನ. ಹಾಗಿದ್ರೆ ತಪ್ಪು ಸೂಜಿ ಚುಚ್ಚಿಸಿಕೊಂಡವರದ್ದಾ?

5/5
ಇದನ್ನೆಲ್ಲ ಯಾಕೆ ಬರೆದೆ ಅಂದ್ರೆ: ಕಾಲೇಜಿನ ರಕ್ತದಾನ ಶಿಬಿರದಲ್ಲಿ ಕೊಟ್ಟ ರಕ್ತವನ್ನ ಹೆಪಟೈಟಿಸ್ ಬಿಗೂ ಪರೀಕ್ಷೆ ಮಾಡ್ತಾರೆ. ನಾಳೆ ನಿಮ್ಮ ಪಕ್ಕದ ಬೆಂಚಿನವರಿಗೇ ‘ಪಾಸಿಟಿವ್’ ಅಂತ ಫೋನ್ ಬರಬಹುದು. ಆಗ ‘ಏನ್ ಮಾಡ್ಕೊಂಡ್ರೋ’ ಅಂತ ಗುಸುಗುಸು ಶುರುವಾಗುತ್ತೆ, ಹಾಸ್ಟೆಲಲ್ಲಿ ತಟ್ಟೆ ಲೋಟ ಬೇರೆ ಇಡ್ತಾರೆ. ಅವರು ಏನೂ ಮಾಡ್ಕೊಂಡಿರಬೇಕಾಗಿಲ್ಲ. ಹುಟ್ಟಿದ ದಿನವೇ ಬಂದಿರಬಹುದು. ಅವರಮ್ಮನಿಗೂ ಗೊತ್ತೇ ಇಲ್ಲದಿರಬಹುದು. ಒಟ್ಟಿಗೆ ಊಟ ಮಾಡಿದ್ರೆ, ಕೈ ಕುಲುಕಿದ್ರೆ, ತಬ್ಬಿಕೊಂಡ್ರೆ ಇದು ಹರಡಲ್ಲ. ರಕ್ತ, ಸೂಜಿ, ಅಸುರಕ್ಷಿತ ಲೈಂಗಿಕ ಸಂಪರ್ಕ, ಹೆರಿಗೆ: ಇವೇ ಮುಖ್ಯ ದಾರಿಗಳು.

ಸಾವಿರಾರು ವರ್ಷದ ಈ ಸರಪಳಿ ಕಡಿಯೋಕೆ ನಮ್ಮ ಹತ್ರ ಲಸಿಕೆ ಇದೆ. ಮೊದಲ ಡೋಸ್ ಮಗು ಹುಟ್ಟಿದ 24 ಗಂಟೆಯೊಳಗೆ ಬೀಳ್ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಮಗೆ ಆಗಿದ್ಯಾ? ಇವತ್ತೇ ಅಮ್ಮನ ಹತ್ರ ನಿಮ್ಮ ಲಸಿಕೆ ಕಾರ್ಡ್ ಕೇಳಿ ನೋಡಿ. ಆಗಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ, ಈಗಲೂ ಹಾಕಿಸ್ಕೋಬಹುದು.

ನೇಪಲ್ಸ್‌ನ ಆ ಮಗುವಿಗೆ ಇದು ಸಿಗಲಿಲ್ಲ. ನಿಮ್ಮ ಅಕ್ಕನ ಮಗುವಿಗೆ ಸಿಗುತ್ತೆ.

ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪಿಗೂ ಹಾಕಿ.
#ಇತಿಹಾಸ #ಹೆಪಟೈಟಿಸ್‌ಬಿ #ಕನ್ನಡದಲ್ಲಿವಿಜ್ಞಾನ