ಕಾಣದ ದೃಶ್ಯದ ಭಯ

ಅಳುವ ಮಗುವನ್ನು ಸುಮ್ಮನಾಗಿಸಲು ಗುಮ್ಮನನ್ನು ಕರೆಯುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಪುರಂದರದಾಸರ ಬಾಲಕೃಷ್ಣನೂ ಗುಮ್ಮನಿಗೆ ಅಂಜಿದವನೇ. ಆದರೆ ಆ ಗುಮ್ಮನಿಗೆ ಎಷ್ಟು ಕಣ್ಣು, ಎಷ್ಟು ಕೈ ಎಂದು ವಿವರಿಸುವ ಗೋಜಿಗೆ ಯಾವ ಅಜ್ಜಿಯೂ ಹೋಗುವುದಿಲ್ಲ. ಆ ಕೆಲಸವನ್ನು ಮಗು ಕತ್ತಲಲ್ಲಿ ತಾನೇ ಮಾಡಿಕೊಳ್ಳುತ್ತದೆ. ಅಂಥ ಗುಮ್ಮನಿಗೆ ಬೆಳ್ಳಿತೆರೆ ಒಂದು ಮುಖವನ್ನು ಕೊಟ್ಟಾಗ ಮಕ್ಕಳ ಭಯ ಏನಾಯಿತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು 1931ರ ಅಮೆರಿಕವನ್ನು ತಲುಪುತ್ತೇವೆ.

ಆ ವರ್ಷದ ನವೆಂಬರ್ ತಿಂಗಳಲ್ಲಿ ಯೂನಿವರ್ಸಲ್ ಸಂಸ್ಥೆಯ ‘ಫ್ರಾಂಕೆನ್‌ಸ್ಟೈನ್’ ಚಿತ್ರ ತೆರೆಕಂಡಿತು. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಮೂಲ. ನಿರ್ದೇಶಕ ಜೇಮ್ಸ್ ವೇಲ್. ವಿಜ್ಞಾನಿಯೊಬ್ಬ ಹೆಣಗಳ ಅವಯವಗಳನ್ನು ಕೂಡಿಸಿ ಜೀವ ತುಂಬಿದ ವಿಕೃತ ಜೀವಿಯ ಪಾತ್ರವನ್ನು ವಹಿಸಿದವನು ಬೋರಿಸ್ ಕಾರ್ಲಾಫ್. ಚಪ್ಪಟೆಯಾದ ನೆತ್ತಿ, ಜೋಲುವ ರೆಪ್ಪೆ, ಕೊರಳಿನ ಎರಡು ಪಕ್ಕಗಳಲ್ಲಿ ಲೋಹದ ಗೂಟ: ಪ್ರಸಾಧನಕಾರ ಜ್ಯಾಕ್ ಪಿಯರ್ಸ್ ದಿನವೂ ಗಂಟೆಗಟ್ಟಲೆ ದುಡಿದು ರೂಪಿಸುತ್ತಿದ್ದ ಆ ಮುಖವನ್ನು ಚಿತ್ರ ನೋಡದವರೂ ಬಲ್ಲರು. ಚಿತ್ರದ ಆರಂಭದಲ್ಲಿ ನಟನೊಬ್ಬ ಪರದೆಯ ಹಿಂದಿನಿಂದ ಬಂದು, ಮುಂದೆ ನೋಡಲಿರುವುದು ನಿಮ್ಮನ್ನು ದಿಗಿಲುಗೊಳಿಸೀತು ಎಂದು ಹೇಳುತ್ತಾನೆ. ಎಚ್ಚರಿಕೆಯೆನ್ನಿ, ಆಮಂತ್ರಣವೆನ್ನಿ!

ಮಕ್ಕಳ ಹಿತಚಿಂತಕರು ಆ ಹೊತ್ತಿಗಾಗಲೇ ಕಳವಳಗೊಂಡಿದ್ದರು. ಪೇನ್ ನಿಧಿಯ ನೆರವಿನಿಂದ ನಡೆದು 1933ರಲ್ಲಿ ಹೊರಬಂದ ಸಂಶೋಧನೆಗಳು ಇದಕ್ಕೆ ಸಾಕ್ಷಿ. ಓಹಾಯೋದಲ್ಲಿ ಸ್ಯಾಮ್ಯುಯೆಲ್ ರೆನ್‌ಷಾ ಮತ್ತು ಸಂಗಡಿಗರು ಮಕ್ಕಳ ಮಂಚಗಳಿಗೆ ಉಪಕರಣ ಜೋಡಿಸಿ, ಸಿನಿಮಾ ನೋಡಿದ ರಾತ್ರಿ ಅವರು ನಿದ್ದೆಯಲ್ಲಿ ಎಷ್ಟು ಹೊರಳಾಡುತ್ತಾರೆಂದು ದಾಖಲಿಸಿದರು. ಹರ್ಬರ್ಟ್ ಬ್ಲೂಮರ್ ಎಂಬ ಸಮಾಜವಿಜ್ಞಾನಿ ಯಂತ್ರವನ್ನು ನಂಬಲಿಲ್ಲ. ತರುಣ ತರುಣಿಯರಿಂದ ಅವರವರ ಸಿನಿಮಾ ನೆನಪುಗಳನ್ನೇ ಬರೆಯಿಸಿದನು. ಬಾಲ್ಯದಲ್ಲಿ ಕಂಡ ಭಯದ ದೃಶ್ಯಗಳು ಆ ಬರಹಗಳಲ್ಲಿ ವರ್ಷಗಳ ಮೇಲೂ ಮಾಸದೆ ಉಳಿದಿದ್ದವು. ಮಂಚದ ಹೊರಳಾಟವನ್ನು ಅಳೆಯಬಹುದು, ಕನಸನ್ನು ಅಳೆಯುವ ಬಗೆ ಹೇಗೆ? ಬ್ಲೂಮರನ ದಾರಿಯೇ ಸರಿಯೆಂದು ನನ್ನ ಎಣಿಕೆ.

ಇನ್ನು ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಕೊಳದ ದಂಡೆಗೆ ಬರೋಣ. ಮರಿಯಾ ಎಂಬ ಪುಟ್ಟ ಹುಡುಗಿ ಅಲ್ಲಿ ಒಬ್ಬಳೇ ಆಡುತ್ತಿದ್ದಾಳೆ. ಎಲ್ಲರಿಂದಲೂ ಏಟು ತಿಂದು ಅಲೆಯುತ್ತಿರುವ ಆ ಜೀವಿ ಪೊದೆಗಳಿಂದ ಹೊರಬರುತ್ತದೆ. ಹುಡುಗಿ ಹೆದರುವುದಿಲ್ಲ, ಕೈಹಿಡಿದು ಕರೆತಂದು ಹೂವನ್ನು ಕೊಡುತ್ತಾಳೆ. ಇಬ್ಬರೂ ಹೂಗಳನ್ನು ನೀರಿಗೆ ಎಸೆಯುತ್ತಾರೆ. ಅವು ದೋಣಿಗಳಂತೆ ತೇಲುತ್ತವೆ. ಆ ಜೀವಿ ಮೊದಲ ಬಾರಿಗೆ ನಗುತ್ತದೆ. ಹೂಗಳು ಮುಗಿದುಹೋದಾಗ ಬರಿದಾದ ಕೈಗಳನ್ನು ನೋಡಿಕೊಂಡು, ಹುಡುಗಿಯೂ ತೇಲುವಳೆಂದು ಬಗೆದು ಅವಳನ್ನೇ ಎತ್ತಿ ಎಸೆದುಬಿಡುತ್ತದೆ. ಅವಳು ಮುಳುಗಿದಾಗ ತತ್ತರಿಸಿ ಓಡಿಹೋಗುತ್ತದೆ.

ಆ ಎಸೆತ ಕಾರ್ಲಾಫನಿಗೇ ಹಿಡಿಸಿರಲಿಲ್ಲ. ಕೆಲವು ರಾಜ್ಯಗಳ ಸೆನ್ಸಾರ್ ಮಂಡಳಿಗಳು ಅದನ್ನು ತೆಗೆಸಿದವು. 1930ರ ದಶಕದ ಕೊನೆಯಲ್ಲಿ ಚಿತ್ರ ಮರುಬಿಡುಗಡೆಯಾದಾಗ ಆ ಭಾಗ ಇಲ್ಲದ ಪ್ರತಿಗಳೇ ರೂಢಿಯಾದವು. ಮಂಡಳಿಯವರ ಉದ್ದೇಶವನ್ನು ಸಂಶಯಿಸಬೇಕಾಗಿಲ್ಲ. ಆದರೆ ಕತ್ತರಿ ಬಿದ್ದದ್ದು ಎಲ್ಲಿ? ಆ ಜೀವಿ ಹುಡುಗಿಯತ್ತ ಎರಡೂ ಕೈಗಳನ್ನು ಚಾಚುವ ಕ್ಷಣದಲ್ಲಿ. ಮುಂದೆ ನೋಡಿದರೆ, ಮದುವೆಯ ಸಂಭ್ರಮದಲ್ಲಿರುವ ಊರಿನ ಬೀದಿಯಲ್ಲಿ ತಂದೆ ಮಗಳ ಶವವನ್ನು ಹೊತ್ತು ನಡೆದುಬರುತ್ತಿದ್ದಾನೆ. ನಡುವೆ ನಡೆದದ್ದು ಏನು? ಹೂವಿನ ಆಟದಲ್ಲಿ ತಪ್ಪಿದ ಎಣಿಕೆಯೊಂದು, ಹೇಳಲು ನಾಲಗೆ ಬಾರದ ಕ್ರೌರ್ಯವಾಗಿ ಪ್ರೇಕ್ಷಕರ ಮನಸ್ಸಿನಲ್ಲಿ ಬೆಳೆಯಿತು. ಅರಿಯದೆ ಮಾಡಿದವನು ಬೇಕೆಂದು ಕೊಂದವನಾದನು. ಮಕ್ಕಳನ್ನು ಕಾಯಲೆಂದು ಆಡಿಸಿದ ಕತ್ತರಿ ಗುಮ್ಮನ ಮುಖವನ್ನು ಮರಳಿ ಕತ್ತಲಿಗೆ ಒಯ್ದಿತ್ತು. ಕಳೆದುಹೋದ ಆ ಕ್ಷಣಗಳನ್ನು ಚಿತ್ರಕ್ಕೆ ಮತ್ತೆ ಸೇರಿಸಿದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಒಂದೆರಡು ತಲೆಮಾರು ಅದನ್ನು ಕಾಣದೆಯೇ ಬೆಳೆದಿತ್ತು.

ವಿಚಿತ್ರವೆಂದರೆ, ಮಕ್ಕಳು ಆ ಜೀವಿಯನ್ನು ಪೂರ್ತಿಯಾಗಿ ದ್ವೇಷಿಸಲಿಲ್ಲ. ಅದರ ಬಗ್ಗೆ ಮರುಕಗೊಂಡು ತನಗೆ ಪತ್ರ ಬರೆಯುತ್ತಿದ್ದರೆಂದು ಕಾರ್ಲಾಫ್ ಅನೇಕ ಸಲ ನೆನೆದಿದ್ದಾನೆ.

ಬ್ರಿಟನ್ ಇನ್ನೊಂದು ದಾರಿ ಹಿಡಿಯಿತು. ಇಂಥ ಚಿತ್ರಗಳಿಗೆ ‘ಎಚ್’ ಎಂಬ ಗುರುತನ್ನು ಹಚ್ಚಿ, 1937ರಿಂದ ಹದಿನಾರರೊಳಗಿನವರಿಗೆ ಅವುಗಳ ಬಾಗಿಲನ್ನೇ ಮುಚ್ಚಿತು.

ಕತ್ತರಿಸಿದ ಆ ಪ್ರತಿಯನ್ನು ನೋಡಿದ ಮಗುವಿನ ಮನಸ್ಸನ್ನು ಚೆನ್ನಾಗಿ ಅರಿತವನು ಸ್ಪೇನಿನ ನಿರ್ದೇಶಕ ವಿಕ್ಟರ್ ಎರಿಸೆ. ಅವನ ‘ಜೇನುಗೂಡಿನ ಚೇತನ’ ಚಿತ್ರ ಬಂದದ್ದು 1973ರಲ್ಲಿ; ಕಥೆ ನಡೆಯುವುದು ಅಂತರ್ಯುದ್ಧ ಮುಗಿದ ಮರುವರ್ಷ, 1940ರಲ್ಲಿ. ಕ್ಯಾಸ್ಟೀಲಿನ ಬಡ ಹಳ್ಳಿಯೊಂದಕ್ಕೆ ಲಾರಿಯಲ್ಲಿ ‘ಫ್ರಾಂಕೆನ್‌ಸ್ಟೈನ್’ ಬರುತ್ತದೆ. ಮಕ್ಕಳು ಮನೆಯಿಂದ ಕುರ್ಚಿ ಹೊತ್ತು ತಂದು ಕುಳಿತುಕೊಳ್ಳುತ್ತಾರೆ. ಅವರ ನಡುವೆ ಆನಾ ಎಂಬ ಪುಟ್ಟ ಹುಡುಗಿ. ಆ ಪಾತ್ರದ ಬಾಲನಟಿ ಆನಾ ಟೊರೆಂಟ್ ಕಾರ್ಲಾಫನನ್ನು ತೆರೆಯ ಮೇಲೆ ನಿಜಕ್ಕೂ ಮೊದಲ ಸಲ ನೋಡುತ್ತಿದ್ದಾಗಲೇ ಅವಳ ಮುಖವನ್ನು ಚಿತ್ರಿಸಿಕೊಂಡರು. ಅಲ್ಲಿ ಕಾಣುವ ಬೆರಗು ಅಭಿನಯವಲ್ಲ.

ಅವನು ಅವಳನ್ನು ಏಕೆ ಕೊಂದ, ಆಮೇಲೆ ಅವನನ್ನು ಏಕೆ ಕೊಂದರು ಎಂದು ಆನಾ ಅಕ್ಕನನ್ನು ಕೇಳುತ್ತಾಳೆ. ರಾತ್ರಿ ಹಾಸಿಗೆಯಲ್ಲಿಯೂ ಬಿಡದೆ ಕೇಳುತ್ತಾಳೆ. ಉತ್ತರ ತಿಳಿಯದ ಅಕ್ಕ, ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ, ಅವನೊಂದು ಚೇತನ, ಕಣ್ಣು ಮುಚ್ಚಿ ನಿನ್ನ ಹೆಸರು ಹೇಳಿ ಕರೆದರೆ ಬರುತ್ತಾನೆ ಎಂದು ಬಾಯಿಗೆ ಬಂದುದನ್ನು ಹೇಳಿಬಿಡುತ್ತಾಳೆ. ಚಿತ್ರದ ಕೊನೆಯಲ್ಲಿ ಆನಾ ನಡುರಾತ್ರಿ ಎದ್ದು, ಬಾಗಿಲನ್ನು ತೆರೆದು, ಹೊರಗಿನ ಕತ್ತಲೆಯೆದುರು ಕಣ್ಣು ಮುಚ್ಚಿ ನಿಲ್ಲುತ್ತಾಳೆ.